ಪೀಸಾ, ಟಿಮ್ಸ್ ಅಂಕಗಳಿಂದ ದೇಶಗಳ ಗಣಿತ ಕಲಿಕೆಯನ್ನು ಹೋಲಿಸಬಹುದೇ?

ಹೋಲಿಸಬಹುದು, ಆದರೆ ಹಲವು ದೇಶಗಳಲ್ಲಿ ನಡೆಯುವ ಈ ಎರಡು ಪರೀಕ್ಷೆಗಳು ಯಾರನ್ನು, ಯಾವುದರಲ್ಲಿ ಅಳೆದಿವೆ ಎಂಬುದನ್ನು ಮೊದಲು ನೋಡಬೇಕು. 15 ವರ್ಷದ ಮಕ್ಕಳು ಕಲಿತ ಗಣಿತವನ್ನು ನಿತ್ಯದ ಸಂದರ್ಭಗಳಿಗೆ ಹೇಗೆ ಅನ್ವಯಿಸುತ್ತಾರೆಂಬುದನ್ನು ಪೀಸಾ ಪರೀಕ್ಷಿಸಿದರೆ, 1995ರಲ್ಲಿ ಆರಂಭವಾದ ಟಿಮ್ಸ್ 4 ಮತ್ತು 8ನೇ ತರಗತಿಗಳ ಪಠ್ಯಕ್ರಮಕ್ಕೆ ಹತ್ತಿರವಾಗಿದೆ. ಆದ್ದರಿಂದ ಒಂದರ ಸ್ಥಾನವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಸರಿಯಲ್ಲ. 2022ರ ಪೀಸಾ ಗಣಿತದಲ್ಲಿ ಸಿಂಗಾಪುರದ ಸರಾಸರಿ 575, ಹೆಚ್ಚಾಗಿ ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿಯ ದೇಶಗಳ ಸರಾಸರಿ 472. ಇಷ್ಟು ದೊಡ್ಡ ಅಂತರಕ್ಕೆ ಅರ್ಥವಿದೆ. ಆಯ್ದ ಕೆಲವು ಮಕ್ಕಳನ್ನಷ್ಟೇ ಪರೀಕ್ಷಿಸುವ ಇಂಥ ಮಾದರಿ ಸಮೀಕ್ಷೆಯಲ್ಲಿ ಎರಡು-ಮೂರು ಅಂಕಗಳ ವ್ಯತ್ಯಾಸಕ್ಕೆ ಅಷ್ಟು ಬೆಲೆಯಿಲ್ಲ.

ಪೀಸಾದ 2009ರ ಸುತ್ತಿಗೆ ಸೇರಿಸಲಾದ ಪರೀಕ್ಷೆಯಲ್ಲಿ ಭಾರತದಿಂದ ಪಾಲ್ಗೊಂಡದ್ದು ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ. ಪಟ್ಟಿಯ ತಳದಲ್ಲಿದ್ದ ಆ ಫಲಿತಾಂಶವನ್ನು ಇಡೀ ದೇಶದ್ದೆಂದು ಈಗಲೂ ಕೆಲವರು ಉದ್ಧರಿಸುತ್ತಾರೆ, ಅದು ತಪ್ಪು.

ಇನ್ನು ಭಾಷೆಯ ವಿಷಯ, ಇದು ನಮ್ಮ ಕಾಸರಗೋಡಿನವರಿಗೆ ಬೇಗ ಅರ್ಥವಾಗುತ್ತದೆ. ಕನ್ನಡ ಮಾಧ್ಯಮದ ಕೋಣೆಯಲ್ಲಿ ಕರಿಹಲಗೆಯ ಮೇಲೆ ‘ತ್ರಿಭುಜ’ ಎಂದಿರುವ ಅದೇ ಚಿತ್ರ, ಗೋಡೆಯಾಚೆಯ ಮಲಯಾಳಂ ಮಾಧ್ಯಮದಲ್ಲಿ ‘ತ್ರಿಕೋಣಂ’. ಹೆಸರು ಬದಲಾದರೆ ತೊಂದರೆಯಿಲ್ಲ. ಆದರೆ ನಾಲ್ಕು ಸಾಲಿನ ಲೆಕ್ಕ ಅನುವಾದದಲ್ಲಿ ತೊಡಕಾದರೆ ಮಗು ಎಡವುವುದು ಗಣಿತದಲ್ಲಲ್ಲ, ವಾಕ್ಯದಲ್ಲಿ. ಇದನ್ನು ತಪ್ಪಿಸಲೆಂದೇ ಪೀಸಾ, ಇಂಗ್ಲಿಷ್ ಮತ್ತು ಫ್ರೆಂಚ್ ಮೂಲಗಳೆರಡರಿಂದಲೂ ಬೇರೆಬೇರೆಯಾಗಿ ಅನುವಾದಿಸಿ, ಬಳಿಕ ಅವನ್ನು ಹೊಂದಿಸುವ ಕ್ರಮವನ್ನು ಶಿಫಾರಸು ಮಾಡುತ್ತದೆ.