ನಿವೃತ್ತ ಪೊಲೀಸ್ ಕಾರಿನ ಡಿಕ್ಕಿಯಲ್ಲಿ ಟಕ್ ಅನ್ನೋದು ಯಾರು?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ಹಳೆ ಕಾರುಗಳ ಹುಚ್ಚು ಜಾಸ್ತಿ. ಹೋದ ತಿಂಗಳು ಹರಾಜಿನಲ್ಲಿ 2008ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕೊಂಡೆ. ಪೊಲೀಸ್ ಡ್ಯೂಟಿ ಮಾಡಿ ನಿವೃತ್ತಿಯಾದ ಕಾರು. ಮೇಲಿನ ಲೈಟು, ರೇಡಿಯೊ ಎಲ್ಲ ಕಿತ್ತಿದ್ದಾರೆ, ಆದರೆ ಏನೇನೋ ಉಳಿದಿದೆ. ಟಾಪ್ ಮೇಲೆ ಎರಡು ಹಿತ್ತಾಳೆಯ ಗುಬುಟುಗಳು. ಡಿಕ್ಕಿಯಲ್ಲಿ ಒಂದು ಕಪ್ಪು ಡಬ್ಬ, ಸುತ್ತ ಕತ್ತರಿಸಿದ ವೈರುಗಳು. ಕಾರು ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಡಿಕ್ಕಿಯಿಂದ ಟಕ್ ಅಂತ ಸದ್ದು ಬರುತ್ತದೆ. ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುವುದಿಲ್ಲ, ಹಿಂದಿನ ಬಾಗಿಲು ಒಳಗಿಂದ ತೆರೆಯುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಹೆಸರಿಲ್ಲದ ಒಂದು ಸ್ವಿಚ್ ಇದೆ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಗ್ಲೋವ್ ಬಾಕ್ಸಿನಲ್ಲಿ ಸ್ಕೂಲ್ ಲ್ಯಾಬಿನಲ್ಲಿದ್ದಂಥ ಒಂದು ಚಿಕ್ಕ ಕವೆ ಸಿಕ್ಕಿತು, ಅದರ ಮೇಲೆ 35 ಅಂತ ಕೆತ್ತಿದ್ದಾರೆ. ಯಾವುದು ಏನು? ಎಲ್ಲ ಕತ್ತರಿಸಿ ಬಿಸಾಕಲೇ?

ಉತ್ತರ: ಕತ್ತರಿ ಕೆಳಗಿಡಿ ಸಾರ್, ಮೊದಲು ಟಾರ್ಚ್ ತಗೊಳ್ಳಿ.

ಕಾರು ನಿಜಕ್ಕೂ ಪೊಲೀಸ್ ಮಾಡೆಲ್ಲೇ ಅಂತ ಖಾತ್ರಿ ಮಾಡಿಕೊಳ್ಳುವುದು ಸುಲಭ. ವಿಐಎನ್ ನಂಬರಿನಲ್ಲಿ, ಅಂದರೆ ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆಯಲ್ಲಿ, ಐದರಿಂದ ಏಳನೇ ಅಕ್ಷರಗಳು ಪಿ71 ಅಂತಿದ್ದರೆ ಅದು ಪೊಲೀಸ್ ಇಂಟರ್‌ಸೆಪ್ಟರ್. ಈ ಕಾರುಗಳು ಕೆನಡಾದ ಒಂಟಾರಿಯೊದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು, 2011ರಲ್ಲಿ ನಿಂತವು.

ಈಗ ವೈರುಗಳು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಏನೆಂದರೆ, ಎಲ್ಲಿಗೂ ಸೇರದ ವೈರು ಕಂಡರೆ ಸಾಕು, ಪೊಲೀಸರು ಬಿಟ್ಟುಹೋದದ್ದು ಅಂದುಕೊಳ್ಳುತ್ತಾರೆ. ಹಾಗಲ್ಲ. ಪೊಲೀಸ್ ಕಾರಿಗೆ ಫೋರ್ಡ್ ಕಂಪನಿಯೇ ಕಾರ್ಖಾನೆಯಲ್ಲಿ ಒಂದಷ್ಟು ವೈರು ಎಳೆದು, ಮುಂದೆ ಯಾರಾದರೂ ಸೈರನ್ನೋ ಲೈಟೋ ಕೂರಿಸಲಿ ಅಂತ ತುದಿ ಮುಚ್ಚಿ ಬಿಟ್ಟಿರುತ್ತದೆ. ಅದಕ್ಕೇ ತುದಿ ನೋಡಿ. ಅಚ್ಚುಕಟ್ಟಾಗಿ ಟೇಪ್ ಸುತ್ತಿದ್ದರೆ, ಕ್ಯಾಪ್ ಹಾಕಿದ್ದರೆ ಅಥವಾ ಕನೆಕ್ಟರ್ ಇದ್ದರೆ ಅದು ಬಹುಪಾಲು ಕಾರ್ಖಾನೆಯದು, ಅದರ ಪಾಡಿಗೆ ಇರಲಿ. ಕಟಿಂಗ್ ಪ್ಲೇಯರ್‌ನಿಂದ ಕಚಕ್ ಅಂತ ಕತ್ತರಿಸಿದ, ತಾಮ್ರ ಕಾಣುವ ತುದಿ ಇದ್ದರೆ ಅಲ್ಲಿ ಯಾವುದೋ ಉಪಕರಣ ಇತ್ತು, ಹರಾಜಿಗೆ ಕಳಿಸುವ ಅವಸರದಲ್ಲಿ ಕಿತ್ತರು ಅಂತ ಅರ್ಥ. ಹಳದಿ ಕನೆಕ್ಟರ್ ಕಂಡರೆ ಮಾತ್ರ ಕೈ ಹಿಂದಕ್ಕೆ, ಅದು ಏರ್‌ಬ್ಯಾಗ್‌ನದು. ಫೋರ್ಡ್‌ನವರು ಈ ಕಾರುಗಳಿಗೆ ಅಂತಲೇ ಮಾಡಿಫೈಯರ್ಸ್ ಗೈಡ್ ಹೊರತರುತ್ತಿದ್ದರು. ನಿಮ್ಮ ವರ್ಷದ್ದು ಸಿಕ್ಕಿದರೆ ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆ ಅಂತ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ತಾಮ್ರ ಕಾಣುವ ತುದಿಗಳಲ್ಲಿ ಕೆಲವು ಇನ್ನೂ ಜೀವಂತ ಇರಬಹುದು. ಬಾನೆಟ್ ಎತ್ತಿ ಬ್ಯಾಟರಿಯ ಪ್ಲಸ್ ನೋಡಿ. ಅಲ್ಲಿಂದ ಕಾರಿನ ಮಾಮೂಲಿ ಕೇಬಲ್ ಬಿಟ್ಟು ಇನ್ನೊಂದು ದಪ್ಪ ವೈರು, ಮಧ್ಯೆ ಒಂದು ಫ್ಯೂಸ್ ಅಥವಾ ಬ್ರೇಕರ್ ಇಟ್ಟುಕೊಂಡು ಒಳಗೆ ಹೋಗಿದ್ದರೆ, ಪೊಲೀಸ್ ಸಾಮಾನಿಗೆಲ್ಲ ಅನ್ನ ಹಾಕುತ್ತಿದ್ದ ವೈರು ಅದೇ. ಆ ಫ್ಯೂಸ್ ಇವತ್ತೇ ತೆಗೆದಿಡಿ. ಡಿಕ್ಕಿಯಲ್ಲಿ ಬಿದ್ದಿರುವ ತೆರೆದ ತುದಿ ಬಾಡಿಗೆ ತಾಗಿ ಕಿಡಿ ಹಾರಿದರೆ ಆಮೇಲೆ ಏನನ್ನೂ ಗುರುತಿಸುವ ಅಗತ್ಯ ಬರುವುದಿಲ್ಲ.

ಟಕ್ ಸದ್ದಿನ ಕಳ್ಳ ಬಹುಶಃ ಒಂದು ಟೈಮರ್. ಪೊಲೀಸ್ ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೊ ಎಲ್ಲ ಕೀ ತೆಗೆದ ತಕ್ಷಣ ಆಫ್ ಆಗಬಾರದು, ಹಾಗಂತ ರಾತ್ರಿಯೆಲ್ಲ ಬ್ಯಾಟರಿ ಕುಡಿಯಲೂಬಾರದು. ಅದಕ್ಕೆ ಕೀ ಆಫ್ ಆಗಿ ಇಷ್ಟು ಹೊತ್ತಾದ ಮೇಲೆ ಕರೆಂಟ್ ಕಡಿಯುವ ಒಂದು ಚಿಕ್ಕ ಡಬ್ಬ ಹಾಕುತ್ತಾರೆ. ಅದರೊಳಗಿನ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಬಿಡುವ ಸದ್ದೇ ಆ ಟಕ್. ವಾಚ್ ಹಿಡಿದು ನೋಡಿ, ಪ್ರತಿ ಸಲ ಅಷ್ಟೇ ನಿಮಿಷಕ್ಕೆ ಬಂದರೆ ಅನುಮಾನವೇ ಬೇಡ. ತಮಾಷೆ ಏನೆಂದರೆ, ಸದ್ದು ಮಾಡುವ ಈ ಡಬ್ಬದ ಮೇಲೆ ನಿಮಗೆ ಅನುಮಾನ ಬಂದಿದೆ, ಆದರೆ ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಬ್ಯಾಟರಿ ತಿನ್ನುತ್ತಿರುವುದು ಸದ್ದಿಲ್ಲದ ಇನ್ನೊಂದು ಸಾಮಾನು, ಟೈಮರ್ ದಾಟಿಕೊಂಡು ನೇರವಾಗಿ ಬ್ಯಾಟರಿಗೆ ಸೇರಿದ್ದು.

ಅದನ್ನು ಹಿಡಿಯಲು ಮಲ್ಟಿಮೀಟರ್ ಬೇಕು. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಸೇರಿಸಿ. ಮೀಟರ್ ಇರುವಾಗ ಕಾರು ಸ್ಟಾರ್ಟ್ ಮಾಡಬೇಡಿ, ನನ್ನ ಒಂದು ಮೀಟರ್ ಹಾಗೇ ಹೋಗಿದ್ದು. ಅರ್ಧ ಗಂಟೆ ಸುಮ್ನೆ ಕಾಯಿರಿ, ಟಕ್ ಆಗಲಿ, ಕಾರಿನ ಕಂಪ್ಯೂಟರುಗಳೆಲ್ಲ ಮಲಗಲಿ. ಆಮೇಲೆ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ತೋರಿಸಿದರೆ ಆರೋಗ್ಯವಾಗಿದೆ. ನಿಮ್ಮದು ಅರ್ಧ ಆಂಪಿಯರ್ ಹತ್ತಿರ ಇರಬಹುದು ಅಂತ ನನ್ನ ಊಹೆ. ಯಾಕೆಂದರೆ ಅರ್ಧ ಆಂಪಿಯರ್ ಅಂದರೆ ನಾಲ್ಕು ದಿನದ 96 ಗಂಟೆಗೆ 48 ಆಂಪಿಯರ್-ಅವರ್, ಕಾರು ಸ್ಟಾರ್ಟ್ ಆಗದಿರಲು ಅಷ್ಟು ಸಾಕು. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ದಬ್ ಅಂತ ಬೀಳುತ್ತದೋ ಆ ವೈರಿನ ಇನ್ನೊಂದು ತುದಿಯಲ್ಲಿ ಅಪರಾಧಿ ಕೂತಿದ್ದಾನೆ.

ಕಪ್ಪು ಡಬ್ಬದ ವಿಷಯ ಸ್ವಲ್ಪ ಹುಷಾರು. ಎರಡರಲ್ಲಿ ಒಂದಿರಬಹುದು. ಅದರಿಂದ ಎರಡೇ ವೈರು ಕಾರಿನ ಮುಂದಿನ ಗ್ರಿಲ್ ಕಡೆ ಹೋಗಿ ಅಲ್ಲಿ ಒಂದು ದಪ್ಪ ಸ್ಪೀಕರ್ ಸಿಕ್ಕಿದರೆ ಅದು ಸೈರನ್ ಆಂಪ್ಲಿಫಯರ್. ಸ್ಪೀಕರ್ ಹಿಂದೆ 100 ವ್ಯಾಟ್, 11 ಓಮ್ ಅಂತ ಬರೆದಿದ್ದರಂತೂ ಮುಗಿದೇ ಹೋಯಿತು, ಮನೆಯ ಮ್ಯೂಸಿಕ್ ಸ್ಪೀಕರ್‌ಗಳು 4 ಅಥವಾ 8 ಓಮ್ ಇರುತ್ತವೆ, 11 ಓಮ್ ಸೈರನ್ನಿನದೇ ಗುರುತು. ಹಾಗಲ್ಲದೆ ಡಬ್ಬಕ್ಕೆ ನಾಲ್ಕೋ ಆರೋ ಒಂದೇ ತರಹದ ಮೂರು ಪಿನ್ನಿನ ಸಾಕೆಟ್ ಇದ್ದು, ಅಲ್ಲಿಂದ ದಪ್ಪ ಹೊದಿಕೆಯ ಕೇಬಲ್‌ಗಳು ಹೆಡ್‌ಲೈಟ್, ಹಿಂದಿನ ಲೈಟ್ ಮೂಲೆಗಳಿಗೆ ಹೋಗಿದ್ದರೆ ಅದು ಸ್ಟ್ರೋಬ್ ಪವರ್ ಸಪ್ಲೈ, ಅಂದರೆ ಪಟಪಟ ಮಿಂಚುವ ಲೈಟುಗಳಿಗೆ ಕರೆಂಟ್ ಕೊಡುವ ಡಬ್ಬ. ಸ್ಟ್ರೋಬ್ ಟ್ಯೂಬ್ ಮಿಂಚಲು ನೂರಾರು ವೋಲ್ಟ್ ಬೇಕು, ಅದನ್ನು ಡಬ್ಬದೊಳಗಿನ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ, ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು. 12 ವೋಲ್ಟಿನ ಕಾರು ತಾನೇ ಅಂತ ಕೈ ಹಾಕಬೇಡಿ. ಫ್ಯೂಸ್ ತೆಗೆದು ಒಂದು ರಾತ್ರಿ ಬಿಟ್ಟು ಮರುದಿನ ಬಿಚ್ಚಿ.

ಟಾಪ್ ಮೇಲಿನ ಹಿತ್ತಾಳೆ ಗುಬುಟುಗಳು ಆಂಟೆನಾದ ಬುಡ, ಎನ್‌ಎಂಒ ಮೌಂಟ್ ಅಂತಾರೆ. ಮುಕ್ಕಾಲು ಇಂಚಿನ ತೂತು ಕೊರೆದು ಕೂರಿಸುತ್ತಾರೆ. ಕಿತ್ತರೆ ತೂತು ಉಳಿಯುತ್ತದೆ, ಮಳೆನೀರು ಒಳಗಿನ ಬಟ್ಟೆಗೆ ಇಳಿಯುತ್ತದೆ, ಆದ್ದರಿಂದ ಕೀಳಬೇಡಿ. ಅದಕ್ಕೆ ಅಂತಲೇ ರಬ್ಬರ್ ಕ್ಯಾಪ್ ಸಿಗುತ್ತದೆ, ತಿರುಗಿಸಿ ಹಾಕಿಬಿಡಿ. ಪಕ್ಕದಲ್ಲಿ ಎಲ್ಲಾದರೂ ಹಳೆ ಆಂಟೆನಾ ಸಿಕ್ಕಿದ್ದರೆ ಅಳೆದು ನೋಡಿ, ಉದ್ದವೇ ಕಥೆ ಹೇಳುತ್ತದೆ. ಸಾದಾ ಕಡ್ಡಿ ಆಂಟೆನಾ ಅಲೆಯ ಕಾಲು ಭಾಗದಷ್ಟು ಉದ್ದ ಇರುತ್ತದೆ. ಸುಮಾರು 50 ಸೆಂಟಿಮೀಟರ್ ಇದ್ದರೆ 150 ಮೆಗಾಹರ್ಟ್ಸ್‌ನ ರೇಡಿಯೊ, 16-17 ಇದ್ದರೆ 450, ಬೆರಳುದ್ದ 9 ಸೆಂಟಿಮೀಟರ್ ಇದ್ದರೆ 800ರ ಆಸುಪಾಸು. ಮುಂದೆ ಹ್ಯಾಮ್ ರೇಡಿಯೊ (ಹವ್ಯಾಸಿಗಳ ರೇಡಿಯೊ) ಲೈಸೆನ್ಸ್ ಮಾಡಿಸುವ ಆಸೆ ಇದ್ದರೆ ಈ ಬುಡ ಮತ್ತು ಅದರ ಕೇಬಲ್ ನಿಮಗೆ ಬಿಟ್ಟಿ ಸಿಕ್ಕ ಹಾಗೆ.

ಒಳಗಿನ ದೀಪ ಕೆಟ್ಟಿಲ್ಲ. ರಾತ್ರಿ ಬಾಗಿಲು ತೆರೆದಾಗ ದೀಪ ಹತ್ತಿದರೆ ಒಳಗೆ ಕೂತ ಪೊಲೀಸ್ ಎಲ್ಲರಿಗೂ ಕಾಣುತ್ತಾರೆ ಅಲ್ವಾ? ಅದಕ್ಕೇ ಆ ಸರ್ಕ್ಯೂಟನ್ನು ಬೇಕಂತಲೇ ತಪ್ಪಿಸಿರುತ್ತಾರೆ. ದೀಪದ ಸ್ವಂತ ಸ್ವಿಚ್ಚಿನಿಂದ ಹತ್ತುತ್ತದೆ, ನೋಡಿ. ಹಿಂದಿನ ಬಾಗಿಲೂ ಹಾಗೇ, ಹಿಡಿದು ತಂದವರು ಇಳಿದು ಓಡಬಾರದು ಅಂತ ಒಳಗಿನ ಹಿಡಿಕೆಯನ್ನು ನಿಷ್ಕ್ರಿಯ ಮಾಡಿರುತ್ತಾರೆ. ದೀಪ ಇದ್ದರೂ ಸೈ, ಇಲ್ಲದಿದ್ದರೂ ಸೈ. ಬಾಗಿಲನ್ನು ಮಾತ್ರ ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸುವ ಮೊದಲೇ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿ.

ಹೆಸರಿಲ್ಲದ ಸ್ವಿಚ್ ಬಗ್ಗೆ ನನಗೆ ಎರಡು ಅನುಮಾನ. ಒಂದು, ಬಂದೂಕಿನ ಬೀಗ. ಮುಂದಿನ ಎರಡು ಸೀಟಿನ ಮಧ್ಯೆ ಅಥವಾ ತಲೆಯ ಹಿಂದೆ ಬಂದೂಕು ನಿಲ್ಲಿಸುವ ಸ್ಟ್ಯಾಂಡ್ ಇರುತ್ತದೆ, ಅದರ ಬೀಗ ಬಿಡಿಸುವ ಗುಂಡಿಯನ್ನು ಹಿಂದೆ ಕೂತವರಿಗೆ ಕಾಣದ ಜಾಗದಲ್ಲಿ ಅಡಗಿಸಿರುತ್ತಾರೆ. ಸ್ಟ್ಯಾಂಡ್ ಹೋಗಿದ್ದರೂ ಗುಂಡಿ ಉಳಿದಿರುತ್ತದೆ. ಎರಡನೆಯದು ನಿಜಕ್ಕೂ ಅಪಾಯ. ಕತ್ತಲಲ್ಲಿ ಹೊಂಚು ಹಾಕುವಾಗ ಬ್ರೇಕ್ ಲೈಟ್, ರಿವರ್ಸ್ ಲೈಟ್ ಹತ್ತಬಾರದು ಅಂತ ಕೆಲವು ಕಾರುಗಳಿಗೆ ಅವನ್ನು ಕಡಿಯುವ ಸ್ವಿಚ್ ಹಾಕಿರುತ್ತಾರೆ. ಯಾರನ್ನಾದರೂ ಕಾರಿನ ಹಿಂದೆ ನಿಲ್ಲಿಸಿ, ನೀವು ಬ್ರೇಕ್ ತುಳಿದುಕೊಂಡು ಸ್ವಿಚ್ ಆಕಡೆ ಈಕಡೆ ಮಾಡಿ. ಬ್ರೇಕ್ ಲೈಟ್ ಆರಿತು ಅಂದರೆ ಆ ಸ್ವಿಚ್ ಕಾರಿನಲ್ಲಿ ಇರಲೇಬಾರದು. ಮೊಣಕಾಲು ತಾಗಿ ಅದು ಬಿದ್ದದ್ದು ನಿಮಗೆ ಗೊತ್ತೂ ಆಗುವುದಿಲ್ಲ, ಹಿಂದಿನ ಗಾಡಿಯವರಿಗೆ ಗೊತ್ತಾಗುವ ಹೊತ್ತಿಗೆ ಗುದ್ದಿರುತ್ತಾರೆ.

ಇನ್ನು ಆ ಕವೆ. ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಅದು ಶ್ರುತಿಕವೆಯೇ, ಆದರೆ ಸಂಗೀತಕ್ಕಲ್ಲ, ವೇಗ ಅಳೆಯುವ ರೇಡಾರ್ ಸರಿಯಾಗಿದೆಯಾ ಅಂತ ನೋಡಲು. ಚಲಿಸುವ ಕಾರಿಗೆ ಬಡಿದು ವಾಪಸ್ ಬಂದ ಅಲೆಯ ಆವರ್ತನ ಸ್ವಲ್ಪ ಬದಲಾಗಿರುತ್ತದೆ, ಡಾಪ್ಲರ್ ಪರಿಣಾಮ ಅಂತ ಓದಿದ್ದು ನೆನಪಿರಬೇಕು. ರೇಡಾರ್ ಆ ವ್ಯತ್ಯಾಸವನ್ನೇ ಎಣಿಸುತ್ತದೆ. ಕೆ ಬ್ಯಾಂಡ್ ಅಂದರೆ 24.15 ಗಿಗಾಹರ್ಟ್ಸ್ ರೇಡಾರ್‌ಗೆ ಗಂಟೆಗೆ 1 ಮೈಲಿ ವೇಗಕ್ಕೆ ಸುಮಾರು 72 ಹರ್ಟ್ಸ್ ವ್ಯತ್ಯಾಸ. 35 ಮೈಲಿಗೆ ಲೆಕ್ಕ ಹಾಕಿ, 2,520 ಹರ್ಟ್ಸ್ ಹತ್ತಿರ. ಸೆಕೆಂಡಿಗೆ ಅಷ್ಟೇ ಸಲ ನಡುಗುವ ಕವೆಯನ್ನು ಬಡಿದು ರೇಡಾರ್ ಮುಂದೆ ಹಿಡಿದರೆ, ನಿಂತಲ್ಲೇ ನಿಂತ ಆ ಲೋಹದ ತುಂಡು 35 ಮೈಲಿ ವೇಗದಲ್ಲಿ ಓಡುತ್ತಿದೆ ಅಂತ ರೇಡಾರ್ ತೋರಿಸುತ್ತದೆ! ಬೇರೆ ಅಂಕಿ ತೋರಿಸಿದರೆ ರೇಡಾರ್ ರಿಪೇರಿಗೆ. 35ರ ಪಕ್ಕದಲ್ಲಿ ಬ್ಯಾಂಡಿನ ಹೆಸರೂ ಇದೆಯಾ ನೋಡಿ. ಅದೇ ಕವೆಯನ್ನು ಹಳೆಯ ಎಕ್ಸ್ ಬ್ಯಾಂಡ್ ರೇಡಾರ್ ಮುಂದೆ ಹಿಡಿದರೆ 80 ಮೈಲಿ ತೋರಿಸುತ್ತದೆ, ಯಾಕೆಂದರೆ ಅಲ್ಲಿ ಮೈಲಿಗೆ 31 ಚಿಲ್ಲರೆ ಹರ್ಟ್ಸ್ ಮಾತ್ರ. ಒಂದು ಕೆಲಸ ಮಾಡಿ: ಕವೆಯನ್ನು ಚಪ್ಪಲಿಯ ಅಟ್ಟೆಗೆ ಬಡಿದು, ಫೋನಿನಲ್ಲಿ ಗಿಟಾರ್ ಶ್ರುತಿ ಮಾಡುವ ಆ್ಯಪ್ ತೆರೆದು ಹತ್ತಿರ ಹಿಡಿಯಿರಿ. ಎಷ್ಟು ಹರ್ಟ್ಸ್ ಬಂತು ಅಂತ ನಮಗೂ ಬರೆದು ಕಳಿಸಿ. ಕಲ್ಲಿಗೋ ಕಬ್ಬಿಣಕ್ಕೋ ಬಡಿಯಬೇಡಿ, ಚೂರು ಕಿತ್ತುಬಂದರೂ ಶ್ರುತಿ ಕೆಡುತ್ತದೆ.

ಇಷ್ಟಾದ ಮೇಲೂ ಹೆಸರು ತಿಳಿಯದ ಡಬ್ಬ ಉಳಿದರೆ ಅದರ ಬೆನ್ನು ತಿರುಗಿಸಿ. ರೇಡಿಯೊ ಅಲೆ ಕಳಿಸುವ ಸಾಮಾನಾದರೆ ಎಫ್‌ಸಿಸಿ ಐಡಿ ಅಂತ ಒಂದು ನಂಬರ್ ಇರುತ್ತದೆ. ಎಫ್‌ಸಿಸಿ ಅಂದರೆ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ, ಅದರ ವೆಬ್‌ಸೈಟಿನಲ್ಲಿ ಹಾಕಿದರೆ ಯಾರು ತಯಾರಿಸಿದ್ದು, ಯಾವ ಆವರ್ತನ, ಎಲ್ಲ ಬರುತ್ತದೆ, ಎಷ್ಟೋ ಸಲ ಒಳಗಿನ ಫೋಟೊ ಸಮೇತ.

ಪ್ರಶ್ನೆ: ನನ್ನ ಹಳೆ ಪೊಲೀಸ್ ಕಾರಿನಲ್ಲೂ (ಅಮೆರಿಕದ್ದೇ) ಗ್ರಿಲ್ ಒಳಗೆ ಕೆಂಪು-ನೀಲಿ ಲೈಟುಗಳು ಉಳಿದಿವೆ, ಜೊತೆಗೆ ತುಂಬಾ ವೇಗವಾಗಿ ಮಿಂಚುವ ಒಂದು ಬಿಳಿ ಲೈಟ್. ಶೋಕಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಕೆಂಪು-ನೀಲಿ ಲೈಟಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ ರಸ್ತೆಯಲ್ಲಿ ಒಮ್ಮೆ ಹತ್ತಿಸಿದಿರೋ, ಪೊಲೀಸ್ ವೇಷ ಹಾಕಿದ ಕೇಸಿನವರೆಗೂ ಹೋಗಬಹುದು. ಬಿಚ್ಚಿ ಮನೆಯಲ್ಲಿಡಿ. ಆ ಬಿಳಿ ಲೈಟ್ ಇನ್ನೂ ದೊಡ್ಡ ತಲೆನೋವು. ಸೆಕೆಂಡಿಗೆ ಸುಮಾರು 14 ಸಲ, ಒಂದೇ ತಾಳದಲ್ಲಿ ಮಿಂಚುತ್ತಿದ್ದರೆ ಅದು ಟ್ರಾಫಿಕ್ ಸಿಗ್ನಲ್ಲನ್ನು ಹಸಿರು ಮಾಡಿಸುವ ಎಮಿಟರ್ ಇರಬಹುದು, ಕಂಬದ ಮೇಲಿನ ಸೆನ್ಸರ್ ಆ ತಾಳವನ್ನು ಗುರುತಿಸುತ್ತದೆ. ಅನುಮತಿ ಇಲ್ಲದವರು ಅದನ್ನು ಬಳಸುವುದು ಅಮೆರಿಕದಲ್ಲಿ 2005ರಿಂದ ಫೆಡರಲ್ ಅಪರಾಧ. ಫ್ಯೂಸ್ ಕಿತ್ತು, ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯುವ ಮೊದಲೇ ಬಿಚ್ಚಿ.

ಪ್ರಶ್ನೆ: ನನ್ನದು ಪೊಲೀಸ್ ಕ್ರೌನ್ ವಿಕ್ಟೋರಿಯಾ. ಓಡೋಮೀಟರ್ 1,10,000 ಮೈಲಿ ತೋರಿಸುತ್ತದೆ. ಅದರಲ್ಲೇ ಎಂಜಿನ್ ಓಡಿದ್ದು 6,000 ಗಂಟೆ, ಐಡ್ಲಿಂಗ್ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡಿದ್ದು) 3,000 ಗಂಟೆ ಅಂತಲೂ ಬರುತ್ತಿದೆ. ಇದೇನು ಲೆಕ್ಕ?

ಉತ್ತರ: ಅರ್ಧ ಆಯಸ್ಸು ನಿಂತಲ್ಲೇ ಉರಿದಿದೆ ಅಂತ ಲೆಕ್ಕ. ಒಂದು ಗಂಟೆ ಐಡ್ಲಿಂಗ್ ಅಂದರೆ 33 ಮೈಲಿ ಓಡಿದಷ್ಟು ಸವೆತ ಅಂತ ಫೋರ್ಡ್‌ನವರೇ ಹೇಳುತ್ತಾರೆ. 3,000 ಗಂಟೆಗೆ 99,000 ಮೈಲಿ. ಎಂಜಿನ್ ಮಟ್ಟಿಗೆ ನಿಮ್ಮದು 2,09,000 ಮೈಲಿಯ ಕಾರು, ಟೈಮಿಂಗ್ ಚೈನ್ ಸದ್ದು, ಆಯಿಲ್ ಪ್ರೆಷರ್ ಎರಡನ್ನೂ ಆ ಲೆಕ್ಕದಲ್ಲೇ ನೋಡಿಸಿ. ಬಾಡಿ, ಸಸ್ಪೆನ್ಷನ್‌ಗೆ ಮಾತ್ರ 1,10,000.