ಗಾಡಿ ಕಾಗದ: ಕಾರು ಹೋಗುತ್ತದೆ, ನಂಬರ್ ಉಳಿಯಬೇಕು

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಉಡುಪಿಯ ಕಿನ್ನಿಮುಲ್ಕಿಯಲ್ಲಿ ಇದ್ದೇನೆ. ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. 2018ರಲ್ಲಿ ಕಾರು ತೆಗೆದಾಗ ನಮ್ಮ ಮನೆತನದ ಹೆಸರಿನ ಹಾಗೆ ಓದಿಸಿಕೊಳ್ಳುವ ನಂಬರ್ ಒಂದನ್ನು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ. ಮೊದಲು ಎರಡು ಅಕ್ಷರ, ನಡುವೆ 67, ಕೊನೆಗೆ ಮೂರು ಅಕ್ಷರ. ಈಗ ಎರಡನೇ ಮಗು ಆಗಿದೆ, ಕಾರು ಸಾಲುವುದಿಲ್ಲ. 2016ರ ಒಂದು ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ ನೋಡಿದ್ದಾನೆ. ಹಳೆಯದನ್ನು ಡೀಲರ್ ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುತ್ತಾನಂತೆ. "ಶನಿವಾರ ಕಾರು ಬಿಟ್ಟು ಹೋಗಿ, ನಂಬರಿನದ್ದು ಆಮೇಲೆ ನೋಡುವ" ಎಂದಿದ್ದಾನಂತೆ. ನಮ್ಮಲ್ಲಿ ಗಾಡಿ ಮಾರಿದರೆ ನಂಬರೂ ಹೋಯಿತು ಅಲ್ವಾ? ಅಲ್ಲಿ ಅದನ್ನು ಹೊಸ ಗಾಡಿಗೆ ಹಾಕಲು ಆಗುತ್ತದಾ? ಸೊಸೆಗೂ ಒಂದು ಸಣ್ಣ ಕಾರು ಉಂಟು, 2019ರದ್ದು. ಇನ್ನೊಂದು, ನಂಬರ್ ಪ್ಲೇಟ್ ಇಲ್ಲೇ ನಮ್ಮ ಸ್ಟಿಕರ್ ಅಂಗಡಿಯಲ್ಲಿ ಚಂದ ಮಾಡಿಸಿ, ಮುಂದಿನ ತಿಂಗಳು ಹೋಗುವವರ ಕೈಯಲ್ಲಿ ಕಳಿಸುವ ಎಂದು ನನ್ನ ಹೆಂಡತಿಯ ಆಸೆ.

ಉತ್ತರ: ಮೊದಲು ಮಗನಿಗೆ ಫೋನ್ ಮಾಡಿ. ಶನಿವಾರ ಕಾರಿನ ಕೀ ಕೊಡಬೇಡ ಎಂದು ಹೇಳಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ನೀವು ಹೇಳಿದ್ದು ಸರಿ. ನಮ್ಮ ಮೋಟಾರು ವಾಹನ ಕಾಯಿದೆ ನಂಬರ್ ಕೊಡುವುದು ಗಾಡಿಗೆ, ಮನುಷ್ಯನಿಗಲ್ಲ. ನಿಮ್ಮ ಕೆಎ 20 ಕಾರನ್ನು ಫಾರ್ಮ್ 29, 30 ಸಹಿ ಹಾಕಿ ಕೊಟ್ಟರೆ ನಂಬರೂ ಅದರ ಹಿಂದೆಯೇ ಹೋಗುತ್ತದೆ. ಗುಜರಾತಿನಂಥ ಕೆಲವು ರಾಜ್ಯಗಳು ಮಾತ್ರ ಈಚೆಗೆ ಹಳೆಯ ನಂಬರ್ ಉಳಿಸಿಕೊಳ್ಳಲು ಅವಕಾಶ ಕೊಟ್ಟಿವೆ. ಬ್ರಿಟನ್ನಿನಲ್ಲಿ ಇದು ಹಳೇ ವ್ಯವಹಾರ. ಅಲ್ಲಿ ಗಾಡಿ ದಾಖಲೆ ನೋಡಿಕೊಳ್ಳುವುದು ಡಿವಿಎಲ್‌ಎ ಎಂಬ ಸರ್ಕಾರಿ ಸಂಸ್ಥೆ, ವೇಲ್ಸ್‌ನ ಸ್ವಾನ್ಸಿಯಲ್ಲಿ ಅದರ ಕಚೇರಿ. 1989ರಿಂದ ಅದೇ ನಂಬರುಗಳನ್ನು ಮಾರುತ್ತಿದೆ, ಹರಾಜೂ ಹಾಕುತ್ತದೆ. ಹಾಗೆಂದು ನಂಬರ್ ನಿಮ್ಮ ಮಗನ ಸ್ವಂತ ಆಸ್ತಿ ಎಂದುಕೊಳ್ಳಬೇಡಿ. ಅವನು ಕೊಂಡದ್ದು ಅದನ್ನು ಗಾಡಿಗೆ ಹಾಕಿಕೊಳ್ಳುವ ಹಕ್ಕು ಮಾತ್ರ. ಆ ಹಕ್ಕು ಗಾಡಿಯಿಂದ ಬೇರೆ ಮಾಡಿ ತೆಗೆದಿಡುವವರೆಗೆ ಗಾಡಿಗೇ ಅಂಟಿಕೊಂಡಿರುತ್ತದೆ. ನಂಬರ್ ತೆಗೆಯದೆ ಕಾರು ಮಾರಿದರೆ, ಗುಜರಿಗೆ ಹಾಕಿದರೆ, ಆ ಹಕ್ಕು ಹೋಯಿತು. ಆಮೇಲೆ ಡೀಲರ್ ಎಷ್ಟು ಒಳ್ಳೆಯವನಾದರೂ ನೀವು ಅವನನ್ನು ಕೇಳಿಕೊಳ್ಳಬೇಕಷ್ಟೆ. "ಆಮೇಲೆ ನೋಡುವ" ಎಂಬ ಮಾತು ಲೆಸ್ಟರ್‌ನಲ್ಲೂ ಉಂಟು ಎಂದು ನಿಮ್ಮ ಪತ್ರದಿಂದ ಗೊತ್ತಾಯಿತು. ನಾನು ಮಂಗಳೂರಿನಲ್ಲಿ ಇನ್ಶೂರೆನ್ಸ್ ಸರ್ವೇಯರ್ ಆಗಿದ್ದ ಕಾಲದಿಂದಲೂ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಈಗ ಸ್ವಲ್ಪ ಬೇಜಾರಿನ ಸುದ್ದಿ. ಆ ನಂಬರ್ 2016ರ ಗಾಡಿಗೆ ಹಾಕಲು ಬರುವುದಿಲ್ಲ.

ಕಾರಣ ನಡುವಿನ 67. ಅಲ್ಲಿ 2001ರ ಸೆಪ್ಟೆಂಬರಿನಿಂದ ನಡೆದುಬಂದ ಪದ್ಧತಿಯಲ್ಲಿ ನಡುವಿನ ಎರಡು ಅಂಕೆ ಗಾಡಿಯ ವಯಸ್ಸು ಹೇಳುತ್ತದೆ. ಮಾರ್ಚ್‌ನಿಂದ ಆಗಸ್ಟ್ ತನಕ ರಿಜಿಸ್ಟರ್ ಆದ ಗಾಡಿಗೆ ಇಸವಿಯ ಕೊನೆಯ ಎರಡು ಅಂಕೆ. ಸೆಪ್ಟೆಂಬರಿನಿಂದ ಫೆಬ್ರವರಿ ತನಕದ್ದಕ್ಕೆ ಅದಕ್ಕೆ 50 ಕೂಡಿಸುತ್ತಾರೆ. 2016ರ ಮಾರ್ಚ್ ಗಾಡಿಗೆ 16, ಅದೇ ವರ್ಷ ಸೆಪ್ಟೆಂಬರಿನದ್ದಕ್ಕೆ 66. ಹಾಗಾಗಿ 67 ಎಂದರೆ 2017ರ ಸೆಪ್ಟೆಂಬರಿನಿಂದ 2018ರ ಫೆಬ್ರವರಿ. ನಿಯಮ ಏನೆಂದರೆ, ನಂಬರಿನಿಂದ ಗಾಡಿ ಇದ್ದದ್ದಕ್ಕಿಂತ ಹೊಸತಾಗಿ ಕಾಣಬಾರದು. ಹಳೆಯ ನಂಬರನ್ನು ಹೊಸ ಗಾಡಿಗೆ ಹಾಕಬಹುದು. ಹೊಸ ನಂಬರನ್ನು ಹಳೆ ಗಾಡಿಗೆ ಹಾಕುವ ಹಾಗಿಲ್ಲ. ಮಗ ನಂಬರ್ ಹಾಕಿಸಿದ್ದು 2018ರ ಕಾರಿಗೆ, ಅದಕ್ಕೇ ಆಗ ಯಾರೂ ತಕರಾರು ಮಾಡಲಿಲ್ಲ. ಏಳು ಸೀಟಿನದ್ದು ಎಷ್ಟೇ ಒಳ್ಳೆ ಕಂಡೀಷನ್‌ನಲ್ಲಿದ್ದರೂ ಸ್ವಾನ್ಸಿಯವರು ಒಪ್ಪುವುದಿಲ್ಲ.

ಹಾಗಾದರೆ ಎಂತ ಮಾಡುವುದು? ಎರಡು ದಾರಿ ಉಂಟು, ಎರಡಕ್ಕೂ ಮೊದಲ ಹೆಜ್ಜೆ ಒಂದೇ. ಹಳೆ ಕಾರಿನಿಂದ ನಂಬರ್ ತೆಗೆದು ಮಗನ ಹೆಸರಿನಲ್ಲಿ ಇಟ್ಟುಕೊಳ್ಳುವುದು. ಇದಕ್ಕೆ ರಿಟೆನ್ಷನ್ ಎನ್ನುತ್ತಾರೆ. ಶುಲ್ಕ 80 ಪೌಂಡ್. ಕಾರಿನ ಲಾಗ್‌ಬುಕ್, ಅಂದರೆ ವಿ5ಸಿ ಎಂಬ ಕಾಗದ ಕೈಯಲ್ಲಿದ್ದರೆ ಡಿವಿಎಲ್‌ಎ ವೆಬ್‌ಸೈಟಿನಲ್ಲೇ ಮಾಡಬಹುದು. ಅಂಚೆಯಲ್ಲಿ ಮಾಡುವುದಾದರೆ ವಿ317 ಎಂಬ ಫಾರ್ಮ್. ಆ ಹೊತ್ತಿಗೆ ಕಾರಿನ ರಸ್ತೆ ತೆರಿಗೆ ಚಾಲ್ತಿಯಲ್ಲಿರಬೇಕು, ಇಲ್ಲವೇ ಗಾಡಿ ರಸ್ತೆಗೆ ಇಳಿಸುತ್ತಿಲ್ಲ ಎಂದು ಘೋಷಿಸಿರಬೇಕು. ಲಾಗ್‌ಬುಕ್ ಮಗನ ಹೆಸರಿನಲ್ಲೇ ಉಂಟಾ ಎಂದು ಒಮ್ಮೆ ನೋಡಲು ಹೇಳಿ. ಲೀಸ್ ಗಾಡಿಯಾದರೆ ಅದರಲ್ಲಿ ಕಂಪನಿಯ ಹೆಸರು ಇರುತ್ತದೆ, ಆಗ ಕಂಪನಿಯೇ ಅರ್ಜಿ ಹಾಕಬೇಕು.

ಕೆಲಸ ಆದ ಮೇಲೆ ಎರಡು ಕಾಗದ ಬರುತ್ತವೆ. ಒಂದು ವಿ778, ನಂಬರಿನ ಹಕ್ಕುಪತ್ರ. ಇನ್ನೊಂದು ಹಳೆ ಕಾರಿಗೆ ಹೊಸ ಲಾಗ್‌ಬುಕ್. ಅದರಲ್ಲಿ ಸಾಮಾನ್ಯವಾಗಿ ಕಾರಿಗೆ ಮೊದಲು ಇದ್ದ ನಂಬರನ್ನೇ ವಾಪಸ್ ಕೊಟ್ಟಿರುತ್ತಾರೆ. ಈ ಎರಡೂ ಕೈಗೆ ಬಂದ ಮೇಲೆ ಕಾರು ಡೀಲರ್‌ಗೆ ಬಿಡಲಿ. ಡೀಲರ್‌ಗೆ ಅರ್ಜೆಂಟ್ ಇರಬಹುದು, ಇರಲಿ. ಅವನಿಗೆ ಬೇಕಾದದ್ದು ಕಾರು, ನಿಮಗೆ ಬೇಕಾದದ್ದು ನಂಬರ್.

ಒಂದು ಸಣ್ಣ ವಿಷಯ, ಆದರೆ ಜನ ಸಿಕ್ಕಿ ಬೀಳುವುದು ಇಲ್ಲಿಯೇ. ನಂಬರ್ ತೆಗೆದ ಕ್ಷಣದಿಂದ ಹಳೆ ಕಾರಿನ ಹಳೆ ಪ್ಲೇಟ್ ಸುಳ್ಳು ಪ್ಲೇಟ್. ಡೀಲರ್ ಅಂಗಡಿಯವರೆಗೆ ಓಡಿಸುವುದಾದರೂ ವಾಪಸ್ ಬಂದ ನಂಬರಿನ ಪ್ಲೇಟ್ ಹಾಕಿಯೇ ಓಡಿಸಬೇಕು. ಹಾಗೆಯೇ ಇನ್ಶೂರೆನ್ಸ್ ಕಂಪನಿಗೆ ನಂಬರ್ ಬದಲಾದದ್ದನ್ನು ಹೇಳಬೇಕು. ಅಲ್ಲಿ ಪೊಲೀಸರ ಕ್ಯಾಮೆರಾ ಪ್ಲೇಟ್ ಓದಿ, ವಿಮೆ ಇದೆಯೋ ಇಲ್ಲವೋ ಎಂದು ನಂಬರಿನ ಮೇಲೆಯೇ ನೋಡುತ್ತದೆ. ಪಾಲಿಸಿಯಲ್ಲಿ ಒಂದು ನಂಬರ್, ಬಂಪರ್ ಮೇಲೆ ಇನ್ನೊಂದು ಇದ್ದರೆ, ದುಡ್ಡು ಕಟ್ಟಿಯೂ ವಿಮೆ ಇಲ್ಲದವನ ಹಾಗೆ ರಸ್ತೆ ಬದಿಯಲ್ಲಿ ನಿಲ್ಲಬೇಕಾಗುತ್ತದೆ. ಆಸ್ಪತ್ರೆಯ ಪಾರ್ಕಿಂಗ್ ಪಾಸ್ ಕೂಡ ನಂಬರಿನ ಮೇಲೆ ಇದ್ದರೆ ಅದನ್ನೂ ಬದಲಿಸಲಿ. ನೈಟ್ ಡ್ಯೂಟಿ ಮುಗಿಸಿ ಬಂದವನಿಗೆ ಗಾಜಿನ ಮೇಲೆ ದಂಡದ ಚೀಟಿ ಬೇಡ.

ರಸ್ತೆ ತೆರಿಗೆಯದ್ದೂ ಹೇಳಿಬಿಡುತ್ತೇನೆ. 2014ರ ಅಕ್ಟೋಬರಿನಿಂದ ಅಲ್ಲಿ ತೆರಿಗೆ ಗಾಡಿಯ ಜೊತೆ ಹೋಗುವುದಿಲ್ಲ. ಮಾರಿದ್ದನ್ನು ಡಿವಿಎಲ್‌ಎಗೆ ತಿಳಿಸಿದರೆ ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಬರುತ್ತದೆ. ಏಳು ಸೀಟಿನದ್ದಕ್ಕೆ ಹೊಸದಾಗಿ ಕಟ್ಟಿಯೇ ರಸ್ತೆಗೆ ಇಳಿಸಬೇಕು.

ಇನ್ನು ಆ ಎರಡು ದಾರಿ. ಒಂದು, ಸುಮ್ನೆ ಇಟ್ಟುಕೊಳ್ಳುವುದು. ವಿ778 ಹತ್ತು ವರ್ಷ ನಡೆಯುತ್ತದೆ, ಮುಗಿಯುವ ಮೊದಲು ನವೀಕರಿಸಬಹುದು, ಅದಕ್ಕೆ ದುಡ್ಡಿಲ್ಲ. ಮರೆತರೆ ಮಾತ್ರ ಹಕ್ಕು ಹೋಗುತ್ತದೆ. ಮುಂದೆ ಮಗ 2017ರ ಸೆಪ್ಟೆಂಬರಿನ ನಂತರ ರಿಜಿಸ್ಟರ್ ಆದ ಯಾವುದೇ ಕಾರು ತೆಗೆದಾಗ ಹಾಕಿಕೊಳ್ಳಬಹುದು. ಆಗ ಮತ್ತೆ 80 ಪೌಂಡ್ ಕೊಡಬೇಕಾಗಿಲ್ಲ. ಹೊಚ್ಚ ಹೊಸ ಕಾರಾದರೆ ವಿ778 ಅನ್ನು ಶೋರೂಮಿನವರಿಗೆ ಮೊದಲೇ ಕೊಟ್ಟರೆ, ರಿಜಿಸ್ಟ್ರೇಷನ್ ಆಗುವಾಗಲೇ ಅದೇ ನಂಬರ್ ಬೀಳುತ್ತದೆ.

ಎರಡನೇ ದಾರಿ ಸೊಸೆಯ ಕಾರು. 2019ರದ್ದು, 67ಕ್ಕಿಂತ ಹೊಸತು, ನಿಯಮಕ್ಕೆ ಏನೂ ಅಡ್ಡಿ ಇಲ್ಲ. ನನಗೆ ಇದೇ ಚಂದ ಕಾಣುತ್ತದೆ. ದುಡ್ಡು ಕೊಟ್ಟು ತಂದ ನಂಬರ್ ಕಪಾಟಿನೊಳಗೆ ಯಾಕೆ ಇರಬೇಕು? ಆದರೆ ಒಂದು ಮಾತು. ನಂಬರ್ ಯಾವ ಕಾರಿಗೆ ಬಿತ್ತೋ ಆ ಕಾರಿನ ಲಾಗ್‌ಬುಕ್‌ನಲ್ಲಿ ಯಾರ ಹೆಸರು ಇದೆಯೋ ನಂಬರಿನ ಹಕ್ಕೂ ಅವರದ್ದೇ. ಸೊಸೆಯ ಹೆಸರಿನಲ್ಲಿದ್ದರೆ ಮನೆತನದ ನಂಬರ್ ಇನ್ನು ಮುಂದೆ ಸೊಸೆಯದ್ದು. ಇದನ್ನು ನಿಮ್ಮ ಮನೆಯವರಿಗೆ ಹೇಗೆ ಹೇಳುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ಅವಳಿಗೆ ತನ್ನ ಕಾರಿನ ಮೇಲೆ ಗಂಡನ ಮನೆ ಹೆಸರು ಬೇಕೋ ಬೇಡವೋ ಎಂದೂ ಒಮ್ಮೆ ಕೇಳಿ ಮಾರಾಯ್ರೇ.

ಪ್ಲೇಟ್ ಮಾತ್ರ ಇಲ್ಲಿಂದ ಕಳಿಸಬೇಡಿ. ನಮ್ಮ ಕಡೆ 8055 ಅನ್ನು ಬಾಸ್ ಎಂದು ಓದಿಸುವ ಕಲೆಗಾರರು ಇದ್ದಾರೆ, ಅವರ ಕೈಚಳಕ ನನಗೂ ಗೊತ್ತು. ಎಚ್ಎಸ್ಆರ್‌ಪಿ ಎಂಬ ಒಂದೇ ನಮೂನೆಯ ಸರ್ಕಾರಿ ಪ್ಲೇಟ್ ಬಂದ ಮೇಲೆ ಅವರಿಗೆ ಇಲ್ಲೇ ಕೆಲಸ ಕಡಿಮೆಯಾಗಿದೆ. ಅಲ್ಲಂತೂ ಅಕ್ಷರದ ಆಕಾರ, ಅಕ್ಷರಗಳ ನಡುವಿನ ಜಾಗ, ಎಲ್ಲವೂ ನಿಗದಿ. ಮುಂದೆ ಬಿಳಿ, ಹಿಂದೆ ಹಳದಿ. ಪ್ಲೇಟಿನ ಕೆಳಗೆ ಅದನ್ನು ಮಾರಿದವರ ಹೆಸರು, ಪೋಸ್ಟ್‌ಕೋಡ್ ಅಚ್ಚಾಗಿರಬೇಕು. ನೋಂದಾಯಿತ ಅಂಗಡಿಯವರು ಲಾಗ್‌ಬುಕ್ ಅಥವಾ ವಿ778, ಜೊತೆಗೆ ಗುರುತಿನ ದಾಖಲೆ ನೋಡದೆ ಪ್ಲೇಟ್ ಮಾಡಿ ಕೊಡುವುದಿಲ್ಲ. ಹೆಸರು ಸರಿಯಾಗಿ ಓದಿಸಲಿ ಎಂದು ಅಕ್ಷರ ಹತ್ತಿರ ಹತ್ತಿರ ಸರಿಸಿದರೆ, ಬೋಲ್ಟ್ ಹೊಡೆದು ಒಂದನ್ನು ಇನ್ನೊಂದರ ಹಾಗೆ ಕಾಣಿಸಿದರೆ 1,000 ಪೌಂಡ್ ತನಕ ದಂಡ. ನಂಬರನ್ನೇ ಕಿತ್ತುಕೊಳ್ಳಲೂಬಹುದು. ಹೋಗುವವರ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿ ಕಳಿಸಿ.

ಪ್ರಶ್ನೆ: ಸುರತ್ಕಲ್‌ನಿಂದ ಮಣಿಪಾಲಕ್ಕೆ ದಿನಾ ಹೋಗಿ ಬರುತ್ತೇನೆ. ಕಾರು ಬದಲಿಸುತ್ತಿದ್ದೇನೆ. ಹಳೆ ಫಾಸ್ಟ್ಯಾಗ್ ಮೆಲ್ಲ ಕಿತ್ತು ಹೊಸ ಕಾರಿನ ಗಾಜಿಗೆ ಅಂಟಿಸಬಹುದಾ? ಹಳೆ ಕಾರಿನ ನೋ ಕ್ಲೇಮ್ ಬೋನಸ್ ಕೊಂಡವರಿಗೆ ಹೋಗುತ್ತದಾ?

ಉತ್ತರ: ಫಾಸ್ಟ್ಯಾಗ್ ಆಗುವುದಿಲ್ಲ. ಒಂದು ಟ್ಯಾಗ್ ಒಂದೇ ಗಾಡಿಗೆ, ಅದರ ನಂಬರಿಗೆ ಕಟ್ಟಿಹಾಕಿದ್ದು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಅದನ್ನು ಮುಚ್ಚಿಸಿ, ಉಳಿದ ದುಡ್ಡು ವಾಪಸ್ ತೆಗೆದುಕೊಳ್ಳಿ. ಆಮೇಲೆ ಕಾರು ಕೊಡಿ. ಇಲ್ಲದಿದ್ದರೆ ಕೊಂಡವರು ಹೆಜಮಾಡಿ ಟೋಲ್ ದಾಟಿದಾಗಲೆಲ್ಲ ನಿಮ್ಮ ಫೋನಿಗೆ ಮೆಸೇಜ್ ಬರುತ್ತಿರುತ್ತದೆ, ದುಡ್ಡೂ ನಿಮ್ಮದೇ ಹೋಗುತ್ತದೆ.

ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದ್ದಲ್ಲ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಶೇಕಡಾ, ಆಮೇಲೆ 25, 35, 45, ಐದು ವರ್ಷಕ್ಕೆ 50 ಶೇಕಡಾ. ಈ ರಿಯಾಯಿತಿ ನಿಮ್ಮ ಗಾಡಿಗೆ ಆಗುವ ಹಾನಿಯ ವಿಮೆಯ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಸಿಗುವುದಿಲ್ಲ. ಮಾರಿದ್ದಕ್ಕೆ ಪುರಾವೆ ಕೊಟ್ಟು ಹಳೆ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಕೇಳಿ. ಅದು ಮೂರು ವರ್ಷ ನಡೆಯುತ್ತದೆ. ಹೊಸ ಕಾರಿಗೆ ಬೇರೆ ಕಂಪನಿಯಲ್ಲಿ ವಿಮೆ ಮಾಡಿಸಿದರೂ ಅಲ್ಲಿ ತೋರಿಸಬಹುದು. ಶೋರೂಮಿನವರು ಇದನ್ನು ತಾವಾಗಿ ಕೇಳುವುದು ಕಡಿಮೆ. ಬಿಲ್ ಮಾಡುವ ಮೊದಲೇ ಪತ್ರ ಮೇಜಿನ ಮೇಲೆ ಇಡಿ. ನಿಮ್ಮದು 50 ಶೇಕಡಾ ಆಗಿದ್ದರೆ ಉಳಿಯುವುದು ಸಣ್ಣ ಮೊತ್ತವಲ್ಲ.