ಬೀಜ ಯಾರ ಮನೆಯಲ್ಲಿದೆ?

ಅರಸೀಕೆರೆ ತಾಲೂಕಿನ ಓದುಗರೊಬ್ಬರ ಪತ್ರ: "ನಮ್ಮೂರಿನ ಎಂಟು ಮನೆಯವರು ಸೇರಿ ನಾಲ್ಕು ಗುಂಟೆಯಲ್ಲಿ ತರಕಾರಿ ತೋಟ ಮಾಡಬೇಕೆಂದಿದ್ದೇವೆ. ಯಾವ ಹೈಬ್ರಿಡ್ ಬೀಜ ತರಬೇಕು, ಮನೆಗೆಷ್ಟು ಹಣ ಹಾಕಬೇಕು, ತಿಳಿಸಿ."

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ, ಸಂತೋಷ. ಪೈಪು, ಬೇಲಿ, ಗೊಬ್ಬರದ ಲೆಕ್ಕವನ್ನೆಲ್ಲ ಒಪ್ಪವಾಗಿ ಬರೆದಿದ್ದೀರಿ. ಆದರೆ ಆ ಎಂಟು ಮನೆಯ ಅಜ್ಜಿಯರಲ್ಲಿ ಯಾರ ಹತ್ತಿರ ಯಾವ ಬೀಜ ಇದೆ ಎಂದು ಕೇಳಿದ್ದೀರಾ? ಹೈಬ್ರಿಡ್ಡಿನಲ್ಲಿ ಇಳುವರಿ ಹೆಚ್ಚು, ಕೆಲವು ರೋಗ ತಡೆಯುತ್ತದೆ, ನಿಜ. ಮಾರುಕಟ್ಟೆಗೆ ಬೆಳೆಯುವವರು ತರಲಿ. ಅದರ ಬೀಜ ಉಳಿಸಿ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತದೆ, ಮತ್ತೆ ಅಂಗಡಿಗೇ ಹೋಗಬೇಕು. ಮನೆ ಸಾರಿಗೆ ಬೆಳೆಯುವ ತೋಟಕ್ಕೆ ಆ ಹಂಗು ಯಾಕೆ?

ನೆಲದ ಕೆಲಸ ಸುಲಭ. ಪಾತಿ ನಾಲ್ಕಡಿ ಅಗಲ, ನಡುವೆ ಒಂದೂವರೆ ಅಡಿ ದಾರಿ. ಸಕಲೇಶಪುರದ ಮಳೆಗೆ ಏರುಮಡಿ ಸರಿ. ನಿಮ್ಮ ಬಯಲುಸೀಮೆಯಲ್ಲಿ ಪಾತಿ ದಾರಿಗಿಂತ ತಗ್ಗಿರಲಿ, ಬಿದ್ದ ನೀರು ಅಲ್ಲೇ ಇಂಗಲಿ. ಗುಂಟೆಗೆ 250 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಬರುತ್ತದೆ.

ಅವರೆ, ಅಲಸಂದೆ, ನಾಟಿ ಟೊಮೆಟೊದಿಂದ ಶುರು ಮಾಡಿ. ಇವುಗಳ ತಳಿ ಅಷ್ಟಾಗಿ ಬೆರೆಯುವುದಿಲ್ಲ. ನಾಟಿ ಅವರೆಯನ್ನು ಯುಗಾದಿ ಹೊತ್ತಿಗೆ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ. ಹಗಲು ಗಿಡ್ಡವಾದಾಗಲೇ ಅದು ಹೂ ಬಿಡುವುದು, ಆಷಾಢ-ಶ್ರಾವಣದಲ್ಲಿ ಬಿತ್ತಿ.

ಕುಂಬಳದ್ದೇ ಬೇರೆ ಕಥೆ. ಪಕ್ಕದ ಮನೆಯವರು ಇನ್ನೊಂದು ಜಾತಿ ಹಾಕಿದ್ದರೆ ಜೇನ್ನೊಣ ಎರಡನ್ನೂ ಬೆರೆಸುತ್ತದೆ. ಮರುದಿನ ಅರಳಲಿರುವ, ತುದಿ ಹಳದಿಗೆ ತಿರುಗಿದ ಗಂಡು-ಹೆಣ್ಣು ಮೊಗ್ಗುಗಳನ್ನು ಸಂಜೆಯೇ ದಾರದಿಂದ ಕಟ್ಟಿ. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು. ಬೆಳಗಾಗುತ್ತಲೇ ಗಂಡು ಹೂವಿನ ಎಸಳು ಕಿತ್ತು, ಅದರ ಪರಾಗವನ್ನು ಹೆಣ್ಣಿನ ನಡುವಿಗೆ ಸವರಿ, ಮತ್ತೆ ಕಟ್ಟಿ. ಆ ಕಾಯಿಯ ತೊಟ್ಟಿಗೆ ಗುರುತಿನ ದಾರ ಇರಲಿ.

ಬೀಜ ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಒಳ್ಳೆಯ ಕಾಯನ್ನೆಲ್ಲ ಸಾರಿಗೆ ಹಾಕಿ, ಕೊನೆಯಲ್ಲಿ ಉಳಿದ ಮುರುಟು ಕಾಯನ್ನು ಬೀಜಕ್ಕೆ ಬಿಡುತ್ತೇವೆ. ವರ್ಷವರ್ಷಕ್ಕೂ ತಳಿ ಸೊರಗುತ್ತದೆ. ಗಟ್ಟಿಯಾದ, ರೋಗವಿಲ್ಲದ ಗಿಡಗಳಿಗೆ ಮೊದಲೇ ಕೆಂಪು ಬಟ್ಟೆ ಕಟ್ಟಿ, ಅವನ್ನು ಯಾರೂ ಕೊಯ್ಯಬಾರದೆಂದು ಎಂಟೂ ಮನೆಗೆ ಹೇಳಿ.

ಹಾಸನದ ಆಲೂಗಡ್ಡೆಯನ್ನೇ ನೋಡಿ. ಇಷ್ಟು ಹೆಸರಾದ ಬೆಳೆ, ಬಿತ್ತನೆ ಗಡ್ಡೆ ಮಾತ್ರ ಪಂಜಾಬಿನಿಂದ ಲಾರಿಯಲ್ಲಿ ಬರಬೇಕು. ಅಲ್ಲಿನ ಚಳಿಗೆ ನಂಜುರೋಗ ಹರಡುವ ಸಸ್ಯಹೇನು ಕಡಿಮೆ, ಕಾರಣ ಸರಿಯಾದದ್ದೇ. ಆದರೂ ಗಡ್ಡೆ ಕೆಟ್ಟಿದ್ದರೆ, ಮುಂಗಾರಿನ ಮೋಡಕ್ಕೆ ಅಂಗಮಾರಿ ರೋಗ ಬಿದ್ದರೆ, ಬಿತ್ತನೆಗೆ ಮಾಡಿದ ಸಾಲ ಹೊರುವವನು ನಮ್ಮ ರೈತನೇ. ಅವರೆಗೂ ಸೋರೆಗೂ ಅದೇ ಗತಿ ಬರಬೇಕೇ? ಇವುಗಳ ಬೀಜ ನಮ್ಮ ಹಿತ್ತಲಲ್ಲೇ ಆಗುತ್ತದೆ!

ಇನ್ನು ಹಣ. ಬೇಲಿ, ಪೈಪಿನ ಖರ್ಚನ್ನು ಎಂಟು ಪಾಲು ಮಾಡಿ. ಬೀಜಕ್ಕೆ ದುಡ್ಡು ಬೇಡ, ಮನೆಗೆ ಒಂದೊಂದು ಜಾತಿ ವಹಿಸಿ. ಕಾಳನ್ನು ಎರಡು-ಮೂರು ಬಿಸಿಲು ಒಣಗಿಸಿ, ಜರಡಿ ಹಿಡಿದ ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪ್ರತಿ ಜಾತಿಯನ್ನೂ ಎರಡು ಮನೆಯಲ್ಲಿಡಿ, ಒಂದು ಕಡೆ ಹುಳು ಬಿದ್ದರೆ ಇನ್ನೊಂದು ಕಡೆ ಸಿಗುತ್ತದೆ.